ಡ್ಯಾಶ್‌ಹೌಂಡ್ ತರೋ ಮುಂಚೆ ಅದರ ಕೆಲಸ ಏನಿತ್ತು ಅಂತ ಕೇಳಿ

ಇವತ್ತು ಒಂದು ಪುಟ್ಟ ನಾಯಿಯ ಬಗ್ಗೆ ಮಾತಾಡೋಣ. ಉದ್ದ ಮೈ, ಗಿಡ್ಡ ಕಾಲು, ಜೋತುಬಿದ್ದ ಕಿವಿ. ನಮ್ಮಲ್ಲಿ ಬಹಳ ಜನ ಅದನ್ನ ಡ್ಯಾಶ್‌ಹೌಂಡ್ ಅಂತಾರೆ. ರೀಲ್ಸ್‌ನಲ್ಲಿ ನೋಡಿ, "ಎಷ್ಟು ಮುದ್ದಾಗಿದೆ, ನಮ್ಮನೆಗೂ ಒಂದು ತರೋಣ" ಅಂದುಕೊಂಡವರು ನಿಮ್ಮಲ್ಲೂ ಇರಬಹುದು. ತರೋ ಮುಂಚೆ ಅದರ ಮೂಲ ಕೆಲಸ ಏನಿತ್ತು ಅಂತ ತಿಳ್ಕೊಳ್ಳಿ. ಅದರ ಸ್ವಭಾವ, ಅದರ ಕಾಯಿಲೆ ಎರಡೂ ಅಲ್ಲೇ ಇವೆ.

ಹೆಸರೇ ಅರ್ಧ ಕಥೆ ಹೇಳುತ್ತೆ. ಜರ್ಮನ್ ಭಾಷೆಯಲ್ಲಿ 'ಡಾಕ್ಸ್' ಅಂದ್ರೆ ಬ್ಯಾಡ್ಜರ್, 'ಹುಂಡ್' ಅಂದ್ರೆ ನಾಯಿ. ಬ್ಯಾಡ್ಜರ್ ನೆಲದಡಿ ಉದ್ದುದ್ದ ಬಿಲ ತೋಡಿಕೊಂಡು ಬದುಕೋ, ಬಲವಾದ ಉಗುರಿರೋ ಪ್ರಾಣಿ. ಆ ಬಿಲದೊಳಗೆ ನುಗ್ಗಿ ಅದನ್ನ ಎದುರಿಸೋ ನಾಯಿ ಜರ್ಮನಿಯ ಬೇಟೆಗಾರರಿಗೆ ಬೇಕಿತ್ತು. ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ್ರು. 1888ರಲ್ಲಿ ಅಲ್ಲಿ ಈ ತಳಿಗೆ ಅಂತಲೇ ಒಂದು ಸಂಘ ಹುಟ್ಟಿತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಮ್ಯಾಸ್ಕಾಟ್ 'ವಾಲ್ಡಿ' ಕೂಡ ಡ್ಯಾಶ್‌ಹೌಂಡೇ.

ಗಿಡ್ಡ ಕಾಲು ಬಿಲದಲ್ಲಿ ತೂರೋಕೆ. ಆಳವಾದ ಎದೆಗೂಡು ಒಳಗೆ ಉಸಿರು ಕಟ್ಟದೆ ಕೆಲಸ ಮಾಡೋಕೆ. ಇಷ್ಟು ಸಣ್ಣ ನಾಯಿಗೆ ಅಷ್ಟು ದೊಡ್ಡ ದನಿ ಯಾಕೆ? ನೆಲದಡಿಯ ಬೊಗಳು ಮೇಲೆ ನಿಂತವನಿಗೆ ಕೇಳಿಸಬೇಕಲ್ಲ!

ಈಗ ಅದೇ ನಾಯಿಯನ್ನ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ತನ್ನಿ. ಕಾಲಿಂಗ್ ಬೆಲ್ ಆದ್ರೆ ಬೊಗಳುತ್ತೆ. ಸೋಫಾ ಕುಶನ್ ಕೆರೆಯುತ್ತೆ. ಹೊದಿಕೆಯೊಳಗೆ ನುಗ್ಗಿ ಮಲಗುತ್ತೆ. ಕರೆದ್ರೆ ಒಮ್ಮೆ ತಿರುಗಿ ನೋಡಿ ತನ್ನ ಪಾಡಿಗೆ ಹೋಗುತ್ತೆ. "ಹಟಮಾರಿ" ಅಂತ ಬೈತೀವಿ. ಆದರೆ ಬಿಲದೊಳಗೆ ಅದಕ್ಕೆ ಹೇಳಿಕೊಡೋರು ಯಾರೂ ಇರಲಿಲ್ಲ; ತಾನೇ ತೀರ್ಮಾನ ತಗೋಬೇಕಿತ್ತು. ಬೈಯೋ ಬದಲು ಕೆಲಸ ಕೊಡಿ. ತಿಂಡಿಯನ್ನ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟು ಹುಡುಕೋಕೆ ಬಿಡಿ. ವಾಕಿಂಗ್‌ನಲ್ಲಿ ಮೂಸಿ ನೋಡೋಕೆ ಸಮಯ ಕೊಡಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾಗಿದ್ದು ಬೆನ್ನಿನ ವಿಷಯ. ಒಂದು ಜೀನ್‌ನ ಹೆಚ್ಚುವರಿ ನಕಲಿನಿಂದ ಇಂಥ ತಳಿಗಳ ಕಾಲು ಗಿಡ್ಡವಾಗುತ್ತೆ ಅಂತ 2009ರಲ್ಲಿ ವಿಜ್ಞಾನಿಗಳು ಕಂಡುಹಿಡಿದ್ರು. ಅದೇ ಜೀನ್‌ನ ಇನ್ನೊಂದು ನಕಲಿಗೂ ಬೆನ್ನುಮೂಳೆಯ ಡಿಸ್ಕ್ ಬೇಗ ಹಾಳಾಗೋದಕ್ಕೂ ಸಂಬಂಧ ಇದೆ ಅಂತ 2017ರಲ್ಲಿ ಗೊತ್ತಾಯ್ತು. ಡಿಸ್ಕ್ ಜಾರಿ ನರದ ಹುರಿಯನ್ನ ಒತ್ತಿದ್ರೆ ಹಿಂಗಾಲು ಸ್ವಾಧೀನ ತಪ್ಪುತ್ತೆ. ಸುಮಾರು ಐದು ಡ್ಯಾಶ್‌ಹೌಂಡ್‌ಗಳಲ್ಲಿ ಒಂದಕ್ಕೆ ಜೀವನದಲ್ಲಿ ಯಾವಾಗಲಾದರೂ ಈ ತೊಂದರೆ ಬರುತ್ತೆ. ಹೆಚ್ಚಾಗಿ ಮೂರರಿಂದ ಏಳು ವರ್ಷದೊಳಗೆ.

ಜೀನ್ ಬದಲಾಯಿಸೋಕೆ ನಮ್ಮಿಂದ ಆಗಲ್ಲ, ಮನೆ ಬದಲಾಯಿಸಬಹುದು. ಮಂಚ, ಸೋಫಾಕ್ಕೆ ಇಳಿಜಾರು ಹಲಗೆ ಇಡಿ. ಜಾರೋ ಟೈಲ್ಸ್ ಮೇಲೆ ಮ್ಯಾಟ್ ಹಾಸಿ. ಎತ್ತುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ. ಕುತ್ತಿಗೆ ಪಟ್ಟಿ ಬದಲು ಹಾರ್ನೆಸ್ ಹಾಕಿ. ಪಾಪ ಅಂತ ಊಟದ ತಟ್ಟೆಯಿಂದ ತುತ್ತು ಹಾಕ್ಬೇಡಿ. ಬೊಜ್ಜು ಬೆನ್ನಿಗೆ ಇನ್ನಷ್ಟು ಭಾರ.

ಒಂದು ದಿನ ಅದು ಬೆನ್ನು ಗೂನು ಮಾಡಿ ನಿಂತ್ರೆ, ಎತ್ತಿದಾಗ ಕಿರುಚಿದ್ರೆ, ಹಿಂಗಾಲು ತೂರಾಡಿದ್ರೆ, "ನಾಳೆ ನೋಡೋಣ" ಅನ್ನಬೇಡಿ. ಓಡಾಡೋಕೆ ಬಿಡದೆ ಅವತ್ತೇ ಪಶುವೈದ್ಯರ ಹತ್ತಿರ ಕರ್ಕೊಂಡು ಹೋಗಿ. ಮನೆಯಲ್ಲಿರೋ ನೋವಿನ ಮಾತ್ರೆ ಕೊಡಲೇಬೇಡಿ. ಮನುಷ್ಯರ ಮಾತ್ರೆ ನಾಯಿಗೆ ವಿಷವಾಗಬಹುದು. ಕಾಲು ಪೂರ್ತಿ ಬಿದ್ದುಹೋದರೆ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತೆ.

ಇಷ್ಟಕ್ಕೆಲ್ಲ ತಯಾರಿದ್ದೀರಾ? ಹಾಗಾದ್ರೆ ಧಾರಾಳವಾಗಿ ತನ್ನಿ. ಹದಿಮೂರು ಹದಿನಾಲ್ಕು ವರ್ಷ ಮನೆಯವರನ್ನೆಲ್ಲ ನಗಿಸೋ ಜೊತೆಗಾರ ಸಿಗ್ತಾನೆ. ಇಲ್ಲ ಅಂದ್ರೆ ರೀಲ್ಸ್‌ನಲ್ಲೇ ನೋಡಿ ಖುಷಿಪಡಿ, ಅದೂ ಪ್ರೀತಿನೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.