ಕೇಳಿದ್ದನ್ನು ಬರೆಯುವುದು



ನಾವು ಸಂಗೀತಗಾರರ ಮನೆತನದವರಲ್ಲ. ಅಣ್ಣತಮ್ಮಂದಿರಿಬ್ಬರೂ ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವವರು. ಸಂಗೀತವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘದವರ ಅಪ್ಪಣೆಯಾಗಿದೆ. ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು.

ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಗುರುಗಳ ನೆನಪಿಗಾಗಿ ಭೀಮಸೇನ ಜೋಶಿಯವರು ಮುಂದಾಗಿ 1953ರಲ್ಲಿ ಈ ಪುಣೆಯಲ್ಲಿ ನಡೆಸತೊಡಗಿದ ಉತ್ಸವವನ್ನು ತಾವೆಲ್ಲ ಬಲ್ಲಿರಿ. ಚಿಕ್ಕವರಿದ್ದಾಗ ನಮ್ಮನ್ನು ಗದಗಿನಿಂದ ಅಲ್ಲಿಗೆ ಕರೆತಂದವರು ನಮ್ಮ ತಂದೆ. ಜೋಶಿಯವರ ಗಾಯನ ಮುಗಿದ ಮೇಲೆ ಬಹಳ ಹೊತ್ತು ಅವರು ಯಾರೊಡನೆಯೂ ಮಾತನಾಡುತ್ತಿರಲಿಲ್ಲ.

ಕೆಲವು ವರ್ಷಗಳಿಂದ ತಂದೆಯವರಿಗೆ ಕಿವಿ ಕೇಳಿಸದು. ಫೋನಿನಲ್ಲಿ ಮಾತಿಲ್ಲ, ಯಂತ್ರ ಇಟ್ಟುಕೊಂಡರೂ ಸ್ವರ ಹಿಡಿಯದು. ಆದುದರಿಂದ ಉತ್ಸವದಲ್ಲಿ ಕೇಳಿದ್ದನ್ನು ನಾವು ಕಾಗದದಲ್ಲಿ ಬರೆದು ಕಳಿಸತೊಡಗಿದೆವು.

ಮೊದಲನೆಯ ಕಾಗದ ನಾಲ್ಕು ಪುಟ. ದಿವ್ಯ, ಅಮೋಘ, ಗಂಧರ್ವಲೋಕ ಎಂಬ ಮಾತುಗಳಿಗೆ ಅದರಲ್ಲಿ ಬರವಿರಲಿಲ್ಲ. ತಂದೆಯವರ ಉತ್ತರ ಒಂದೇ ಸಾಲು: "ವೋಚರು ಬಂತು, ಮೊಬಲಗು ಬರೆದಿಲ್ಲ."

ನಮಗೆ ನಾಚಿಕೆಯಾಯಿತು. ಮರುವರ್ಷ ಕಿವಿಗೊಟ್ಟು ಕೇಳಿದೆವು. ಸಂಜೆಯ ಹೊತ್ತಿಗೆ ಮಾರ್ವಾ ರಾಗ. ಆ ರಾಗದಲ್ಲಿ ಪಂಚಮವಿಲ್ಲ. ಷಡ್ಜಕ್ಕೂ ಗಾಯಕರು ಬೇಗನೆ ಬರುವುದಿಲ್ಲ. ಕೋಮಲ ರಿಷಭದ ಮೇಲೆ ನಿಂತು, ಕೇಳುವವರನ್ನು ಮನೆಯ ಬಾಗಿಲಲ್ಲಿಯೇ ಕಾಯಿಸುತ್ತಾರೆ. ಎಲ್ಲಿ ನಿಂತರು, ಎಲ್ಲಿಂದ ತಿರುಗಿದರು, ಪಕ್ಕದ ಮುದುಕರು ಯಾವಾಗ ಕಣ್ಣು ಮುಚ್ಚಿದರು, ಇಷ್ಟನ್ನೇ ಬರೆದೆವು.

ಈ ಸಲದ ಉತ್ತರ ಹೀಗಿತ್ತು: "ಷಡ್ಜಕ್ಕೆ ಬಂದದ್ದನ್ನು ಬರೆಯಲು ಮರೆತಿದ್ದೀರಿ. ಎರಡು ದಿನದಿಂದ ಕಾಯುತ್ತಿದ್ದೇನೆ."

ಅದನ್ನೋದಿ ಮೊದಲು ನಕ್ಕೆವು. ಆಮೇಲೆ ನಗೆ ಬರಲಿಲ್ಲ. ಕೇಳಿಸದ ಕಿವಿಗೂ ಒಂದು ಸ್ವರದ ಹಸಿವು ತಾಗಿತ್ತು. ಆ ರಾತ್ರಿಯೇ ಷಡ್ಜವನ್ನು ಬರೆದು ಅಂಚೆಗೆ ಹಾಕಿದೆವು.

ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರೇ ತಮ್ಮ ಸಂಗೀತದ ಬಾಳನ್ನು 'ನನ್ನ ರಸಯಾತ್ರೆ'ಯಲ್ಲಿ ಕನ್ನಡದಲ್ಲಿ ಬರೆದಿಟ್ಟರು. ಹಾಡುವವರು ಬರೆದರು, ಕೇಳುವವರಾದ ನಾವು ಏಕೆ ಬರೆಯಬಾರದು? ಹೊಗಳಿಕೆ ಬೇಡ, ಪಾಂಡಿತ್ಯವೂ ಬೇಡ. ಕೇಳಿದ್ದನ್ನು ಕೇಳಿದಷ್ಟೇ ಬರೆದರೆ ಸಾಕು.

ಬರುವ ಡಿಸೆಂಬರಿನಲ್ಲಿ ತಾವೂ ಉತ್ಸವಕ್ಕೆ ಹೋಗುವಿರಿ. ಊರಿನಲ್ಲಿ ಬರಲಾರದವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೊಂದು ಕಾಗದ ಬರೆಯಿರಿ. ಷಡ್ಜವನ್ನು ಮಾತ್ರ ಮರೆಯಬೇಡಿರಿ.