ರೊಟ್ಟಿಯೊಳಗಿನ ಬಿಸಿಲು

(ಬಸವಕಲ್ಯಾಣದಲ್ಲಿ ರೈತ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಯಕ, ದಾಸೋಹಗಳ ಬಗ್ಗೆ ಈ ನೆಲದಲ್ಲಿ ನಿಂತು ನಾನು ಹೊಸದಾಗಿ ಹೇಳುವುದು ಏನೂ ಇಲ್ಲ. ನಾನು ಜೀವಶಾಸ್ತ್ರದ ಪಾಠ ಹೇಳಿದವನು. ನನ್ನ ಕಡೆಯಿಂದ ಒಂದೇ ಪ್ರಶ್ನೆ. ದಾಸೋಹದ ಪಂಕ್ತಿಯಲ್ಲಿ ನಮ್ಮ ತಟ್ಟೆಗೆ ಬೀಳುವ ಜೋಳದ ರೊಟ್ಟಿಗೆ ಕಸುವು ಎಲ್ಲಿಂದ ಬಂತು?

ಮಣ್ಣಿನಿಂದ, ಗೊಬ್ಬರದಿಂದ ಎನ್ನುತ್ತೇವೆ. ಅದು ಅರ್ಧ ಉತ್ತರ. ಮಣ್ಣು ಕೊಡುವುದು ಸಾರವನ್ನು. ಕಸುವು ಬರುವುದು ಬಿಸಿಲಿನಿಂದ. ಹಸಿರೆಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಬೇರು ತಂದ ನೀರನ್ನೂ ಕೂಡಿಸಿ, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಹೊಲಕ್ಕೆ ಬಿದ್ದ ಬಿಸಿಲು ನೂರು ಪಾಲಾದರೆ ಬೆಳೆಯ ಮೈಗೆ ಸೇರುವುದು ಹೆಚ್ಚುಕಡಿಮೆ ಒಂದು ಪಾಲು. ಆ ಒಂದು ಪಾಲಿನಲ್ಲೇ ನಾವೆಲ್ಲ ಬದುಕಿದ್ದೇವೆ. ಒಂದು ಕಿಲೋ ಜೋಳದಲ್ಲಿ ಸುಮಾರು 3400 ಕಿಲೋಕ್ಯಾಲೊರಿ ಇದೆ. ಒಬ್ಬರಿಗೆ ದಿನಕ್ಕೆ 2000 ಕಿಲೋಕ್ಯಾಲೊರಿ ಎಂದು ಹಿಡಿಯಿರಿ. ಅಂದರೆ ನಮ್ಮ ದೇಹ ಹಗಲೂ ರಾತ್ರಿ ಉರಿಯುವ ನೂರು ವ್ಯಾಟ್ ಬಲ್ಬಿನಷ್ಟೇ ಶಕ್ತಿ ಖರ್ಚು ಮಾಡುತ್ತದೆ.

ಈ ಶಕ್ತಿ ಜೀವದಿಂದ ಜೀವಕ್ಕೆ ದಾಟುವಾಗ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಒಂದು ಸಣ್ಣ ಕೆರೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1942ರಲ್ಲಿ ಅವರ ಲೇಖನ ಅಚ್ಚಾಗುವ ಮೊದಲೇ, 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಿಂತರೂ ಅದೇ ಸರಪಳಿ ಕಾಣುತ್ತದೆ. ಪಾಚಿಯನ್ನು ಸಣ್ಣ ನೀರಜೀವಿ ತಿನ್ನುತ್ತದೆ, ಅದನ್ನು ಮೀನು, ಮೀನನ್ನು ಕೊಕ್ಕರೆ. ಒಂದೊಂದು ಮೆಟ್ಟಿಲು ಏರಿದಾಗಲೂ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೇಲೆ ದಾಟುತ್ತದೆ. ಉಳಿದದ್ದು ಓಡಾಟಕ್ಕೆ, ಉಸಿರಾಟಕ್ಕೆ, ಮೈ ಬಿಸಿಗೆ ಖರ್ಚಾಗುತ್ತದೆ, ಇಲ್ಲವೆ ಸಗಣಿಯಾಗಿ, ಕಸವಾಗಿ ನೆಲಕ್ಕೆ ಬೀಳುತ್ತದೆ. ಅದಕ್ಕೇ ಬೀದರ ಜಿಲ್ಲೆಯ ಹುಲ್ಲುಗಾವಲಿನಲ್ಲಿ ಹುಲ್ಲು ಬಹಳ, ಕೃಷ್ಣಮೃಗ ಕಡಿಮೆ, ತೋಳ ಇನ್ನೂ ಕಡಿಮೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾಳನ್ನು ನೇರವಾಗಿ ಉಂಡರೆ ಹೆಚ್ಚು ಜನರ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಈ ಲೆಕ್ಕ ಹಿಡಿದು ಯಾರ ಊಟವನ್ನೂ ಕೀಳೆಂದು ಕಾಣಬಾರದು. ಕುರಿ ಮೇಕೆ ಮೇಯುವುದು ಮನುಷ್ಯನಿಗೆ ಜೀರ್ಣವಾಗದ ಹುಲ್ಲು, ಜಾಲಿ ಸೊಪ್ಪನ್ನು. ಅದನ್ನು ಬದುಕಾಗಿ ಮಾಡಿಕೊಂಡ ಕುರಿಗಾಹಿಯದೂ ಕಾಯಕವೇ. ವಿಜ್ಞಾನವನ್ನು ಹೊಸ ಮೇಲುಕೀಳಿಗೆ ಏಣಿ ಮಾಡಬೇಡಿ.

ಈಗ ನಮ್ಮ ತೊಗರಿ ಹೊಲಕ್ಕೆ ಬರೋಣ. ತೊಗರಿಯನ್ನು ಕಾಯಿಕೊರಕ ಹುಳು ತಿನ್ನುತ್ತದೆ. ಹುಳುವನ್ನು ಕಾಜಾಣ, ಗೊರವಂಕ, ಜೇಡ, ಸಣ್ಣ ಕಣಜ ತಿನ್ನುತ್ತವೆ. ಮೇಲಿನ ಮೆಟ್ಟಿಲಲ್ಲಿ ಇರುವವು ಸಾಮಾನ್ಯವಾಗಿ ಕಡಿಮೆ. ಕಂಡಕಂಡಾಗ ಔಷಧಿ ಹೊಡೆದರೆ ಎರಡೂ ಸಾಯುತ್ತವೆ. ಆದರೆ ಹುಳು ಬೇಗ ಮರಿ ಮಾಡುತ್ತದೆ, ಬೇಟೆಗಾರರು ಬೇಗ ಹೆಚ್ಚುವುದಿಲ್ಲ. ಮುಂದಿನ ಸಲ ಹುಳುವಿಗೆ ಅಡ್ಡ ಬರುವವರೇ ಇರುವುದಿಲ್ಲ, ನಮ್ಮ ಸಾಲ ಮಾತ್ರ ಬೆಳೆಯುತ್ತದೆ. ತೊಗರಿ ಬೀಜದ ಜೊತೆ ಒಂದು ಹಿಡಿ ಜೋಳ ಬೆರೆಸಿ ಬಿತ್ತಿದರೆ ಹಕ್ಕಿ ಬಂದು ಕೂರಲು ಜಾಗವಾಗುತ್ತದೆ.

ಎರಡನೆಯದು ಬೆಂಕಿಯ ವಿಷಯ. ನಾವು ಒಯ್ಯುವುದು ಕಾಳು, ಕಬ್ಬು ಮಾತ್ರ. ಬೆಳೆ ಕೂಡಿಟ್ಟ ಶಕ್ತಿಯ ದೊಡ್ಡ ಪಾಲು ಬೇರಿನಲ್ಲಿ, ಎಲೆಯಲ್ಲಿ, ರವದಿಯಲ್ಲಿ ಉಳಿಯುತ್ತದೆ. ಅದು ಎರೆಹುಳು, ಗೆದ್ದಲು, ಶಿಲೀಂಧ್ರ, ಕಣ್ಣಿಗೆ ಕಾಣದ ಕೋಟಿ ಸೂಕ್ಷ್ಮಜೀವಿಗಳ ಊಟ. ಹುಮನಾಬಾದ ಕಡೆ ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ಉಳಿಯುತ್ತದೆ. ಕಡ್ಡಿ ಗೀರಿದರೆ ವರ್ಷದ ಬಿಸಿಲು ಒಂದು ಗಂಟೆಯಲ್ಲಿ ಹೊಗೆ. ಸಾರಜನಕ, ಗಂಧಕದ ಹೆಚ್ಚಿನ ಪಾಲೂ ಅದರೊಂದಿಗೆ ಹೋಗುತ್ತದೆ. ಆಮೇಲೆ ಅದೇ ಸಾರಜನಕವನ್ನು ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಕೂಳೆ ಬೆಳೆಗೆ ಅಡ್ಡವಾಗುತ್ತದೆ, ಆಳು ಸಿಗುವುದಿಲ್ಲ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಸಾಲು ಬಿಟ್ಟು ಸಾಲಿಗೆ ರವದಿ ಹರಡಿ, ಮೇಲೆ ಸಗಣಿ ನೀರು ಚಿಮುಕಿಸಿ. ಪುಡಿ ಮಾಡುವ ಯಂತ್ರವನ್ನು ಹತ್ತು ಮನೆ ಕೂಡಿ ಬಾಡಿಗೆಗೆ ತರಿಸಿ. ಒಬ್ಬರಿಗೆ ಭಾರವಾದದ್ದು ಹತ್ತು ಜನಕ್ಕೆ ಹಗುರ.

ಎಳ್ಳಮಾವಾಸ್ಯೆಗೆ ನಾವು ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಇದು ಮೂಢನಂಬಿಕೆ ಅಲ್ಲವೇ ಎಂದು ಯುವಕರು ಕೇಳುತ್ತಾರೆ. ಕೇಳಲೇಬೇಕು. ಚರಗ ಚೆಲ್ಲಿದ ಮಾತ್ರಕ್ಕೆ ಇಳುವರಿ ಹೆಚ್ಚುವುದಿಲ್ಲ. ಆದರೆ ಹೊಲದ ಅನ್ನದಲ್ಲಿ ಹಕ್ಕಿಗೆ, ಹುಳುವಿಗೆ, ನೆಲಕ್ಕೆ ಪಾಲಿದೆ ಎಂಬ ಅರಿವು ಅದರಲ್ಲಿದೆ. ಒಂದು ದಿನ ಚರಗ ಚೆಲ್ಲಿ, ಸುಗ್ಗಿ ಮುಗಿದೊಡನೆ ಅದೇ ಹೊಲಕ್ಕೆ ಬೆಂಕಿ ಇಟ್ಟರೆ ಆ ಅರಿವಿಗೆ ಅರ್ಥವೇನು?

ಮಠ ಮಂದಿರಗಳ ದಾಸೋಹ ನಡೆಸುವವರಿಗೂ ಒಂದು ಬಿನ್ನಹ. ಉಳಿದ ಅನ್ನ ಮೊದಲು ಹಸಿದವರಿಗೆ ಹೋಗಲಿ, ಆಮೇಲೆ ದನಕ್ಕೆ, ಕೊನೆಗೆ ತಿಪ್ಪೆಗೆ. ಪ್ರತಿ ಮೆಟ್ಟಿಲಲ್ಲೂ ಶಕ್ತಿ ಸೋರುವುದರಿಂದ ಈ ಕ್ರಮವೇ ಸರಿ. ಕಾಲುವೆಗೆ ಚೆಲ್ಲಿದರೆ ಯಾರಿಗೂ ದಕ್ಕುವುದಿಲ್ಲ, ಕೆರೆಯೂ ಕೊಳೆಯುತ್ತದೆ.

ಮಣ್ಣಿನ ಸಾರ ತಿರುಗಿ ಮಣ್ಣಿಗೆ ಬರುತ್ತದೆ. ಶಕ್ತಿ ಹಾಗಲ್ಲ. ಒಮ್ಮೆ ಖರ್ಚಾದ ಬಿಸಿಲು ಮರಳುವುದಿಲ್ಲ, ನಾಳೆ ಹೊಸ ಬಿಸಿಲೇ ಬರಬೇಕು. ಅದನ್ನು ಹಿಡಿಯಲು ಎಲೆ ಬೇಕು, ಎಲೆಗೆ ಜೀವವಿರುವ ಮಣ್ಣು ಬೇಕು. ಈ ಸಲ ಸುಗ್ಗಿ ಮುಗಿದಾಗ ನಿಮ್ಮ ಹೊಲದಲ್ಲಿ ಒಂದು ಎಕರೆಯನ್ನಾದರೂ ಸುಡದೆ ಬಿಡಿ. ಮುಂದಿನ ವರ್ಷ ಆ ಮಣ್ಣನ್ನು ಕೈಯಲ್ಲಿ ಹಿಡಿದು, ಪಕ್ಕದ ಸುಟ್ಟ ಮಣ್ಣಿನ ಜೊತೆ ಹೋಲಿಸಿ ನೀವೇ ತೀರ್ಮಾನಿಸಿ.