ಹಾಲು, ಹಾಳು, ವೆಸ್ಟ್

ಮೊನ್ನೆ ಮಂಗಳೂರಿನ ಜ್ಯೋತಿ ಬಸ್‌ಸ್ಟಾಪಿನಲ್ಲಿ ಇಬ್ಬರು ಹುಡುಗಿಯರು ಮೊಬೈಲನ್ನೇ ಕನ್ನಡಿ ಮಾಡಿಕೊಂಡು ಇಂಗ್ಲಿಷ್ ಉಚ್ಚಾರ ಕಲಿಯುತ್ತಿದ್ದರು. 'ವೆಸ್ಟ್' ಅಂದರೆ ಪಡುವಣವೋ, ಒಳಅಂಗಿಯೋ? ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಒಳಅಂಗಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಪಡುವಣಕ್ಕೆ ಹಲ್ಲಿನ ಗೊಡವೆಯೇ ಬೇಡ, 'ಉ' ಅನ್ನುವ ಹಾಗೆ ತುಟಿ ದುಂಡಗಾಗಬೇಕು. ಒಬ್ಬಳಂತೂ ಹೇಳಿ ಹೇಳಿ ಕೊನೆಗೆ ನಕ್ಕೇಬಿಟ್ಟಳು.

1834ರಲ್ಲಿ ಇದೇ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಪಾದ್ರಿಗಳ ಪಾಡು ಇದಕ್ಕೆ ತಿರುಗುಮುರುಗು. ಜರ್ಮನ್ ನಾಲಿಗೆಯನ್ನು ಹಿಂದಕ್ಕೆ ಮಡಚದಿದ್ದರೆ 'ಹಾಳು' ಹಾಲಾಗುತ್ತಿತ್ತು! ಅದೇ ಮಿಶನ್ನಿನ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಅವರೂ ಕನ್ನಡಿ ಹಿಡಿದಿದ್ದರೋ ಏನೋ.

ಅಷ್ಟರಲ್ಲಿ 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದು ನಿಲ್ದಾಣದ ಹೆಸರು ಕೂಗುತ್ತಾ ಬಸ್ಸು ಬಂತು. ನಕ್ಕ ಆ ಹುಡುಗಿ ಹತ್ತಿದಳು, ತುಟಿ ಇನ್ನೂ ದುಂಡಗೇ ಇತ್ತು.